ಬೋರಲು ಎ ಮತ್ತು ಎದುರು ಮನೆಯ ರೀಕಿ

ರೀಕಿ ಸ್ವಿಂಕೆಲ್ಸ್ ಎಂದರೆ ನನಗೆ ಈಗಲೂ ಮೊದಲು ಕಣ್ಣಿಗೆ ಬರುವುದು ಅವಳ ಕಂಬಳಿ. ಐಂಡ್‌ಹೋವೆನ್‌ನ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಎಲ್ಲ ಹೆಂಗಸರೂ ಕಂಬಳಿಗಳನ್ನು ಮಹಡಿಯ ಕಿಟಕಿಯಿಂದ ಹೊರಗೆ ಇಳಿಬಿಟ್ಟು ಗಾಳಿಯಾಡಿಸಿ, ಒಂಬತ್ತರೊಳಗೆ ಒಳಕ್ಕೆ ಎಳೆದುಕೊಂಡು ಹಾಸಿಗೆ ಸರಿಮಾಡುತ್ತಿದ್ದರು. ರೀಕಿಯದು ಮಾತ್ರ ಮಧ್ಯಾಹ್ನ ಒಂದೂಕಾಲರವರೆಗೆ ಹೊರಗೇ ನೇತಾಡುತ್ತಿತ್ತು, ಬೀದಿಗೆಲ್ಲ ನಾಲಿಗೆ ಚಾಚಿ ಅಣಕಿಸುವ ಹಾಗೆ. ನಾನು ಎದುರು ಮನೆಯವಳು. ಅಡುಗೆಮನೆಯ ಕಿಟಕಿಯ ಬಳಿ ಆಲೂಗಡ್ಡೆ ಸುಲಿಯುತ್ತ ನಿಂತರೆ ಅವಳ ಮನೆ ಪೂರ್ತಿ ಕಾಣುತ್ತಿತ್ತು. ನಮ್ಮಲ್ಲಿ ಯಾರೂ ಪರದೆ ಎಳೆಯುವುದಿಲ್ಲ. ಎಳೆದರೆ ಒಳಗೆ ಏನೋ ನಡೆದಿದೆ ಎಂದೇ ಅರ್ಥ.

ಅವಳ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಅವಳ ಕಂಬಳಿಯ ಲೆಕ್ಕ ನಾನೇಕೆ ಇಟ್ಟಿದ್ದೆ ಎಂದು ನೀವು ಕೇಳುತ್ತೀರಿ.

ನನ್ನ ಗಂಡ ಬಸ್ತಿಯಾನ್ ಊರಾಚೆಯ ಒಂದು ಸಂಸ್ಥೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಐದು ಜನರ ಗುಂಪಿನ ಮುಖ್ಯಸ್ಥ. ಆ ಐವರೂ ಕಂಪ್ಯೂಟರಿನ ಬಳಿ ಹೋಗುವುದು ಕಟ್ಟಕಡೆಗೆ. ಮೊದಲು ಒಂದು ಹಾಳೆಯ ಮೇಲೆ ಏನು ಬೇಕು ಎಂದಷ್ಟೇ ಬರೆಯಬೇಕು, ಹೇಗೆ ಮಾಡುವುದು ಎಂಬ ಸುದ್ದಿಯೇ ಅದರಲ್ಲಿ ಬರಕೂಡದು. ಅದಕ್ಕೆ ಅವರು ಏನು-ಹಾಳೆ ಎನ್ನುತ್ತಿದ್ದರು. ಆಮೇಲೆ ಆ ಏನನ್ನು ಒಂದು ಮೆಟ್ಟಿಲು ಕೆಳಗಿಳಿಸಿ, ಅದಕ್ಕೆ ಸ್ವಲ್ಪ ಹೇಗೆ ಸೇರಿಸಿ, ಮೇಲೆ ಕೊಟ್ಟ ಮಾತು ಕೆಟ್ಟಿಲ್ಲ ಎಂದು ಗಣಿತದಿಂದ ಸಾಧಿಸಿ ತೋರಿಸಬೇಕು. ಮತ್ತೊಂದು ಮೆಟ್ಟಿಲು, ಮತ್ತೊಂದು ಸಾಧನೆ. ಹೀಗೆ ಇಳಿಯುತ್ತ ಹೋದರೆ ಕೊನೆಯಲ್ಲಿ ಯಂತ್ರಕ್ಕೆ ತಿಳಿಯುವ ಸಾಲುಗಳು ಸಿಗುತ್ತವೆ. ಪ್ರತಿ ಮೆಟ್ಟಿಲೂ ಗಟ್ಟಿಯಾದ್ದರಿಂದ ತಪ್ಪು ನುಸುಳಲು ಸಂದಿಯೇ ಇಲ್ಲ ಎಂದು ಬಸ್ತಿಯಾನ್ ಹೇಳುತ್ತಿದ್ದ. ಎಲ್ಲವೂ ಫೌಂಟನ್ ಪೆನ್ನಿನಲ್ಲಿ, ಗೆರೆಯಿಲ್ಲದ ಹಾಳೆಯಲ್ಲಿ. ಪ್ರೋಗ್ರಾಂ ಎಷ್ಟು ಚಿಕ್ಕದೋ ಅಷ್ಟು ಗೌರವ.

ನನಗೆ ಈ ವಿದ್ಯೆ ಹೊಸದೇನಲ್ಲ. ನಾನೂ ಗಣಿತದ ಪದವೀಧರೆ, ಬಸ್ತಿಯಾನ್‌ನ ತರಗತಿಯವಳೇ, ಕೊನೆಯ ಪರೀಕ್ಷೆಯಲ್ಲಿ ಅವನಿಗಿಂತ ಮುಂದಿದ್ದವಳು. ಮೊದಲ ಮಗು ಹೊಟ್ಟೆಯಲ್ಲಿದ್ದಾಗ ಕೆಲಸ ಬಿಟ್ಟೆ. ಆಗ ಬಿಡಬೇಕೇ ಎಂದು ಯಾರೂ ಕೇಳುತ್ತಿರಲಿಲ್ಲ, ಯಾವ ತಿಂಗಳು ಎಂದು ಮಾತ್ರ ಕೇಳುತ್ತಿದ್ದರು. ಆದರೆ ಮನೆಯಲ್ಲೂ ನಾನು ಮಾಡುತ್ತಿದ್ದುದು ಅದೇ ವಿದ್ಯೆ. "ಶನಿವಾರ ಗುಂಪಿನವರು ಊಟಕ್ಕೆ ಬರ್ತಾರೆ" ಎಂದು ಬಸ್ತಿಯಾನ್ ಹೇಳಿದರೆ ಅದು ಏನು-ಹಾಳೆ. ಅಲ್ಲಿಂದ ಕೆಳಗಿನ ಮೆಟ್ಟಿಲುಗಳೆಲ್ಲ ನನ್ನವು. ಯಾರಿಗೆ ಮಾಂಸ ಆಗದು, ಎಷ್ಟು ಕುರ್ಚಿ ಪಕ್ಕದ ಮನೆಯಿಂದ ತರಬೇಕು, ಶುಕ್ರವಾರವೇ ಬಟಾಣಿ ನೆನೆಹಾಕಿದರೆ ಶನಿವಾರ ಸೂಪಿಗೆ ಆಗುತ್ತದೆ, ಮೇಜುಬಟ್ಟೆ ಗುರುವಾರ ಒಗೆದರೆ ಒಣಗುತ್ತದೆ. ಶನಿವಾರ ಸಂಜೆ ಅವನು ಬಾಗಿಲು ತೆರೆದು "ಬನ್ನಿ ಬನ್ನಿ" ಎನ್ನುವಾಗ ಅವನು ಕೊಟ್ಟ ಮಾತು ಒಂದಿಷ್ಟೂ ಕೆಡದ ಹಾಗೆ ಮೇಜಿನ ಮೇಲಿರುತ್ತಿತ್ತು.

ಅವನು ನನಗೂ ಒಂದು ಮಾತು ಕೊಟ್ಟಿದ್ದ. ಮಕ್ಕಳು ಮೂವರೂ ಶಾಲೆಗೆ ಹತ್ತಲಿ, ಗುಂಪಿನಲ್ಲಿ ಅರ್ಧ ದಿನದ ಕೆಲಸ ಬಂದಾಗ ನೋಡೋಣ ಎಂದು. ಒಂಬತ್ತು ವರ್ಷ ನಾನು ಆ ಮಾತಿನ ಮೇಲೆ ಬದುಕಿದೆ. 1976ರ ಬೇಸಿಗೆ ಮುಗಿದ ಮೇಲೆ ಕಿರಿಯವನು ಒಂದನೇ ತರಗತಿಗೆ ಹೋಗುವವನಿದ್ದ.

ಆ ವರ್ಷದ ವಸಂತದಲ್ಲೇ ರೀಕಿ ನಮ್ಮ ಬೀದಿಗೆ ಬಂದದ್ದು. ಅವಳ ಗಂಡ ಹ್ಯಾರಿ ಊರಿನ ಬಸ್ಸು ಓಡಿಸುತ್ತಿದ್ದ. ಇಬ್ಬರು ಹೆಣ್ಣುಮಕ್ಕಳು, ಹತ್ತು ವರ್ಷದ ಆಂಕಿ, ಎಂಟು ವರ್ಷದ ಪೆತ್ರ. ರೀಕಿ ಹುಟ್ಟಿದ್ದು ಪಕ್ಕದ ಖೆಲ್‌ಡ್ರೋಪ್‌ನಲ್ಲಿ, ಉಣ್ಣೆ ಗಿರಣಿಯ ಕೆಲಸಗಾರನ ಒಂಬತ್ತು ಮಕ್ಕಳಲ್ಲಿ ಮೊದಲನೆಯವಳಾಗಿ. ಹದಿನಾಲ್ಕರವರೆಗೆ ಹುಡುಗಿಯರ ಮನೆಗೆಲಸದ ಶಾಲೆ, ಆಮೇಲೆ ಸಿಗಾರ್ ಕಾರ್ಖಾನೆ, ಸಂಜೆ ಟೈಪಿಂಗ್ ತರಗತಿ. ತಾತ್ಕಾಲಿಕ ಕೆಲಸ ಕೊಡಿಸುವ ಕಚೇರಿಯೊಂದು ಅವಳನ್ನು ವಾರಕ್ಕೆ ಮೂರು ಬೆಳಗು ಬಸ್ತಿಯಾನ್‌ನ ಗುಂಪಿಗೆ ಟೈಪಿಸ್ಟಾಗಿ ಕಳಿಸಿತು. ಅವರ ಹಾಳೆಗಳನ್ನು ಟೈಪ್ ಮಾಡುವುದು ಎಲ್ಲರಿಂದ ಆಗುವ ಕೆಲಸವಲ್ಲ. ಆ ಟೈಪ್‌ರೈಟರಿನ ಅಚ್ಚುಗಳೆಲ್ಲ ಕಳಚಿ ಹಾಕಬಹುದಾದ ಸಣ್ಣ ಗುಂಡಿನ ಮೇಲಿರುತ್ತಿದ್ದವು. ಅಕ್ಷರಗಳಿಗೆ ಒಂದು ಗುಂಡು, ಗಣಿತದ ಚಿಹ್ನೆಗಳಿಗೆ ಇನ್ನೊಂದು ಗುಂಡು. ಒಂದೊಂದು ಸಾಲಿಗೆ ಹತ್ತು ಸಲ ಗುಂಡು ಕಳಚಿ ಗುಂಡು ಹಾಕಬೇಕು. ಅವಳಿಗಿಂತ ಮುಂಚೆ ಬಂದ ಮೂವರು ಟೈಪಿಸ್ಟರು ಬಿಟ್ಟು ಓಡಿದ್ದರು.

"ಆ ರೀಕಿ ಒಂದೂ ತಪ್ಪು ಮಾಡಲ್ಲ" ಎಂದು ಬಸ್ತಿಯಾನ್ ಮೊದಲ ವಾರವೇ ಊಟದ ಮೇಜಿನಲ್ಲಿ ಹೇಳಿದ.

"ಅವಳ ಹಾಸಿಗೆ ನೋಡು ಆಮೇಲೆ ಹೇಳು" ಎಂದೆ.

"ಏನಂದೆ?"

"ಏನಿಲ್ಲ. ಸಾಸ್ ಈ ಕಡೆ ಕೊಡು."

ಆ ತಿಂಗಳು ಅವರ ಕೈಯಲ್ಲಿದ್ದದ್ದು ಮನೆಸಹಾಯದ ಕಚೇರಿಯೊಂದರ ಕೆಲಸ. ತಾಯಿ ಕಾಯಿಲೆ ಬಿದ್ದರೆ, ಹೆರಿಗೆಗೆ ಮಲಗಿದರೆ, ಆ ಮನೆಗೆ ಅಡುಗೆ, ಒಗೆತ, ಮಕ್ಕಳನ್ನು ನೋಡಿಕೊಳ್ಳಲು ಸಹಾಯಕಿಯನ್ನು ಕಳಿಸುವ ಕಚೇರಿ ಅದು. ಯಾವ ಸಹಾಯಕಿ ಯಾವ ಮನೆಗೆ ಎಂದು ಪ್ರತಿ ವಾರ ಒಬ್ಬ ಮುದುಕಿ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಪಟ್ಟಿ ಮಾಡುತ್ತಿದ್ದಳು. ಅವಳು ನಿವೃತ್ತಳಾಗುವವಳಿದ್ದಳು. ಅದನ್ನು ಕಂಪ್ಯೂಟರ್ ಮಾಡಬೇಕು.

ಒಂದು ಭಾನುವಾರ ಮಧ್ಯಾಹ್ನ ತಟ್ಟೆ ಇಡಲು ಮೇಜು ಖಾಲಿ ಮಾಡುವಾಗ ಆ ಏನು-ಹಾಳೆ ನನ್ನ ಕೈಗೆ ಬಂತು. ಓದಿದೆ. ಯಾವ ಸಹಾಯಕಿಗೂ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೆಲಸವಿಲ್ಲ. ಯಾವ ಸಹಾಯಕಿಯೂ ಒಂದೇ ಹೊತ್ತಿಗೆ ಎರಡು ಮನೆಯಲ್ಲಿಲ್ಲ. ಮನೆಯಿಂದ ಮನೆಗೆ ಸೈಕಲ್ಲಿನಲ್ಲಿ ಇಪ್ಪತ್ತು ನಿಮಿಷ ಮೀರದು. ಯಾವ ಸಹಾಯಕಿಯೂ ತನಗೆ ಗೊತ್ತಿಲ್ಲದ ಕೆಲಸಕ್ಕೆ ಹೋಗಳು. ಅಷ್ಟೇ. ಕೆಳಗೆ ಹದಿನಾಲ್ಕು ಮೆಟ್ಟಿಲು, ಪ್ರತಿಯೊಂದೂ ಸಾಧಿತ, ಕೊನೆಯಲ್ಲಿ ಅರ್ಧ ಪುಟದ ಪ್ರೋಗ್ರಾಂ. ಬಹಳ ಚಂದವಾಗಿತ್ತು. ನಾನು ಹಾಳೆ ಹಿಡಿದು ಒಲೆಯ ಮುಂದೆ ನಿಂತುಬಿಟ್ಟೆ.

"ಬಸ್ತಿಯಾನ್" ಎಂದೆ. "ಇದರ ಪ್ರಕಾರ ಯಾವ ಮನೆಗೂ ಯಾರನ್ನೂ ಕಳಿಸದೆ ಇದ್ರೂ ನಡೆಯುತ್ತಲ್ಲ?"

"ಹ್ಞೂಂ" ಎಂದ ಅವನು, ಪತ್ರಿಕೆಯ ಹಿಂದಿನಿಂದ. "ಆಲೂಗಡ್ಡೆ ಬೆಂತಾ?"

ಬೆಂದಿತ್ತು. ಬಸಿದೆ.

ಎರಡು ವಾರದ ಮೇಲೆ, ಒಂದು ಮಂಗಳವಾರ ಸಂಜೆ ಆರಕ್ಕೆ, ಅವನು ಕೋಟು ಕಳಚುವ ಮೊದಲೇ ಮಾತು ಶುರುಮಾಡಿದ. ಮುಖದಲ್ಲಿ ಬೆಳಕು. "ಇವತ್ತು ಏನಾಯ್ತು ಗೊತ್ತಾ? ರೀಕಿ ಟೈಪ್ ಮಾಡಿದ ಕಟ್ಟು ತಂದಿಟ್ಟಳು. ಮೇಲೆ ಒಂದು ಖಾಲಿ ಹಾಳೆ. ಮೇಲ್ಗಡೆ 'ಈ ವಾರದ ಪಟ್ಟಿ' ಅಂತ ಮಾತ್ರ ಇದೆ, ಕೆಳಗೆ ಏನೂ ಇಲ್ಲ. ಇದೇನಮ್ಮ, ಹಾಳೆ ವ್ಯರ್ಥ ಮಾಡಿದ್ದೀಯಲ್ಲ ಅಂದೆ. 'ಇಲ್ಲ ಸಾರ್, ನಿಮ್ಮ ನಾಲ್ಕು ಶರತ್ತಿಗೂ ಈ ಹಾಳೆ ಸರಿಹೋಗುತ್ತೆ, ನೋಡ್ಕೊಳ್ಳಿ' ಅಂದಳು. ನೋಡ್ತೀವಿ, ಸರಿಹೋಗುತ್ತೆ! ಯಾರಿಗೂ ಎಂಟು ಗಂಟೆ ಮೀರಿಲ್ಲ. ಯಾರೂ ಎರಡು ಕಡೆ ಇಲ್ಲ. ಎಲ್ಲ ಮನೆಗೂ ಸಹಾಯ ಸಿಗಬೇಕು ಅನ್ನೋದನ್ನೇ ನಾವು ಬರೆದಿಲ್ಲ. ಮೆಟ್ಟಿಲು ಇಳೀತಾ ಇಳೀತಾ ಪ್ರೋಗ್ರಾಂ ಚಿಕ್ಕದು ಮಾಡೋ ಉತ್ಸಾಹದಲ್ಲಿ, ಕಷ್ಟದ ಮನೆಗಳನ್ನೆಲ್ಲ ಅದು ಮೆಲ್ಲಗೆ ಕೈಬಿಡ್ತಾ ಇತ್ತು. ಹತ್ತು ಮಕ್ಕಳ ಮನೆ, ದೂರದ ಮನೆ, ಎಲ್ಲ. ಪ್ರತಿ ಮೆಟ್ಟಿಲೂ ಸರಿ. ಮೊದಲನೇ ಹಾಳೆಯೇ ತಪ್ಪು."

ನನ್ನ ಕೈಯಲ್ಲಿ ಸೌಟಿತ್ತು. "ಅದನ್ನ ನಾನು ಹೇಳಿದ್ದೆ" ಎಂದೆ.

"ನೀನಾ? ಯಾವಾಗ?"

"ಎರಡು ವಾರದ ಹಿಂದೆ, ಭಾನುವಾರ. ನೀನು ಪೇಪರ್ ಓದ್ತಿದ್ದೆ."

"ಹೌದಾ?" ಎಂದು ಅವನು ನಿಜವಾಗಿಯೂ ಯೋಚಿಸಿದ. ಅವನು ಸುಳ್ಳುಗಾರನಲ್ಲ. ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. "ಹೇಗೆ ಕಂಡುಹಿಡಿದೆ ಅಂತ ಕೇಳಿದ್ವಿ ಅವಳನ್ನ. ಏನು ಹೇಳಿದಳು ಗೊತ್ತಾ? ಬೋರಲು ಎ!"

'ಎಲ್ಲ' ಎನ್ನುವುದಕ್ಕೆ ಅವರು ಬರೆಯುವ ಚಿಹ್ನೆ ತಲೆಕೆಳಗಾದ ರೋಮನ್ ಎ ಅಕ್ಷರ, ∀. ಅದು ಬಂದಾಗಲೆಲ್ಲ ರೀಕಿ ಗುಂಡು ಬದಲಿಸಬೇಕು, ಹಾಗಾಗಿ ಅದು ಎಷ್ಟು ಸಲ ಬಂತು ಎಂಬ ಲೆಕ್ಕ ಅವಳ ಬೆರಳಿಗೇ ಗೊತ್ತು. ಹಿಂದಿನ ಹಾಳೆಗಳಲ್ಲೆಲ್ಲ ಒಂದು ಕಡೆಗೆ ಬೋರಲು ಎ ಬಂದರೆ ಇನ್ನೊಂದು ಕಡೆಗೂ ಬರುತ್ತಿತ್ತು. ಈ ಸಲ ಸಹಾಯಕಿಯರಿಗೆ ನಾಲ್ಕು ಸಲ ಬಂತು, ಮನೆಗಳಿಗೆ ಒಂದು ಸಲವೂ ಬರಲಿಲ್ಲ. ಅವಳಿಗೆ ಗಣಿತ ಬರುತ್ತಿರಲಿಲ್ಲ. ಲೆಕ್ಕ ಬರುತ್ತಿತ್ತು.

ಆ ಸಂಜೆ ಸೂಪು ಬಡಿಸಿ ಕಿಟಕಿಯ ಬಳಿ ನಿಂತೆ. ಕಿಟಕಿಯಾಚೆ, ಎದುರು ಮನೆಯ ದೀಪದಡಿ, ರೀಕಿ ಪೆತ್ರಳ ತಲೆ ಬಾಚುತ್ತಿದ್ದಳು. ಬಾಯಲ್ಲಿ ಹೇರ್‌ಪಿನ್ ಕಚ್ಚಿಕೊಂಡು ಏನೋ ಹೇಳಿ ನಗುತ್ತಿದ್ದಳು. ನನ್ನ ಗಂಡ ಇನ್ನೊಬ್ಬ ಹೆಂಗಸಿನ ಕಣ್ಣು ಹೊಗಳಿದ್ದರೆ ನಾನು ಇಷ್ಟು ಉರಿಯುತ್ತಿರಲಿಲ್ಲ. ಅವನು ಅವಳನ್ನು "ಹೇಗೆ ಕಂಡುಹಿಡಿದೆ" ಎಂದು ಕೇಳಿದ್ದ. ಆ ಪ್ರಶ್ನೆಗಾಗಿ ನಾನು ಒಂಬತ್ತು ವರ್ಷ ಕಾದಿದ್ದೆ.

ಆಗಸ್ಟಿನಲ್ಲಿ ಕೆಲಸ ಬಂತು. ಗುಂಪಿನ ಏನು-ಹಾಳೆಗಳನ್ನು ಮೆಟ್ಟಿಲಿಳಿಸುವ ಮೊದಲು ಓದಿ ತಪ್ಪು ಹುಡುಕಲು ಒಬ್ಬರು ಬೇಕು. ಅರ್ಧ ದಿನ, ವಾರದ ಐದೂ ಬೆಳಗು, ಒಂಬತ್ತರಿಂದ ಒಂದು. ಕಾಯಂ. ಬಸ್ತಿಯಾನ್ ಅದನ್ನು ನನಗೆ ಹೇಳಿದ ರೀತಿ ಹೀಗಿತ್ತು: "ರೀಕಿಗೆ ಕೊಡೋಣ ಅಂತ ಎಲ್ಲರೂ ಒಪ್ಪಿದ್ದಾರೆ. ಪದವಿ ಇಲ್ಲ, ಆದ್ರೂ ಮೇಲಿನವರನ್ನ ಒಪ್ಪಿಸಿದೆ."

ನಾನು ಪಾತ್ರೆ ಒರೆಸುತ್ತಿದ್ದೆ. ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದೆ. "ನನಗೆ ಅಂತ ಹೇಳಿದ್ದೆಯಲ್ಲ."

"ನಿನಗಾ? ಆಲೈಡ, ಐದೂ ದಿನ ಕಣೇ. ಮಕ್ಕಳು ಹನ್ನೆರಡಕ್ಕೆ ಮನೆಗೆ ಬರ್ತಾರೆ. ಅವರಿಗೆ ರೊಟ್ಟಿ ಯಾರು ಕೊಡ್ತಾರೆ?"

"ರೀಕಿಗೂ ಮಕ್ಕಳಿದ್ದಾರೆ. ಅವರೂ ಹನ್ನೆರಡಕ್ಕೇ ಬರ್ತಾರೆ."

"ಅದೇನೋ ಅವಳು ನೋಡ್ಕೋತಾಳೆ ಬಿಡು" ಎಂದ.

ನಮ್ಮ ದೇಶದ ಗಡಿಯಾರದಲ್ಲಿ ಹನ್ನೆರಡು ಗಂಟೆ ಎನ್ನುವುದು ಹೆಂಗಸರಿಗಾಗಿಯೇ ಇಟ್ಟಿರುವುದು. ಹನ್ನೆರಡಕ್ಕೆ ಶಾಲೆ ಬಿಡುತ್ತದೆ, ಮಕ್ಕಳು ಮನೆಗೆ ಬಂದು ರೊಟ್ಟಿ ತಿಂದು, ಹಾಲು ಕುಡಿದು, ಎರಡಕ್ಕೆ ಮತ್ತೆ ಶಾಲೆಗೆ ಹೋಗುತ್ತವೆ. ಬುಧವಾರ ಹನ್ನೆರಡಕ್ಕೆ ಬಿಟ್ಟರೆ ಮತ್ತೆ ಶಾಲೆಯೇ ಇಲ್ಲ. ಅಮ್ಮ ಮನೆಯಲ್ಲಿರುತ್ತಾಳೆ ಎಂದು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಬರೆಯುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ರೀಕಿ ಹೇಗೆ ನೋಡಿಕೊಳ್ಳುತ್ತಿದ್ದಳು ಎಂಬುದು ನನಗೆ ಗೊತ್ತಿತ್ತು. ಅವಳು ಟೈಪಿಂಗಿಗೆ ಹೋಗುವ ಮೂರು ದಿನ ಆಂಕಿ ಮತ್ತು ಪೆತ್ರ ಕತ್ತಿನಲ್ಲಿ ಕೀಲಿ ನೇತುಹಾಕಿಕೊಂಡು ಮನೆಗೆ ಬಂದು, ಹಿಂದಿನ ಮೆಟ್ಟಿಲ ಮೇಲೆ ಕೂತು, ಬೆಳಿಗ್ಗೆಯೇ ಕಟ್ಟಿಟ್ಟ ರೊಟ್ಟಿ ತಿನ್ನುತ್ತಿದ್ದರು. ಒಂದೂಕಾಲಕ್ಕೆ ತಾಯಿ ಸೈಕಲ್ಲಿನಲ್ಲಿ ಬರುವವರೆಗೆ ಕಲ್ಲು ಎಸೆದು ಆಡುತ್ತಿದ್ದರು. ಅವರು ಅತ್ತದ್ದನ್ನು ನಾನು ಒಂದು ದಿನವೂ ನೋಡಲಿಲ್ಲ.

ಆದರೂ ಸೆಪ್ಟೆಂಬರಿನ ಮೊದಲ ವಾರ, ಹುಡುಗಿಯರ ಶಾಲೆಯ ಗೇಟಿನ ಬಳಿ, ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಅಲ್ಫೋನ್ಸ ಸಿಕ್ಕಾಗ ನಾನು ಹೇಳಿದೆ: "ಪಾಪ, ಸ್ವಿಂಕೆಲ್ಸ್ ಮಕ್ಕಳು. ಮಧ್ಯಾಹ್ನ ಮನೇಲಿ ಯಾರೂ ಇರಲ್ಲ, ಮೆಟ್ಟಿಲ ಮೇಲೆ ಕೂತು ಒಣ ರೊಟ್ಟಿ ತಿಂತಾವೆ ಸಿಸ್ಟರ್. ಮಳೆ ಬಂದರೆ ಏನು ಗತಿಯೋ." ಪ್ರತಿಯೊಂದು ಮಾತೂ ನಿಜ. ಮೇಲಿಂದ ಕೆಳಗಿನವರೆಗೆ ಸಾಧಿಸಿ ತೋರಿಸಬಹುದಾದ ಮಾತುಗಳು. ಮೊದಲ ಹಾಳೆಯಲ್ಲಿ ಏನಿತ್ತು ಎಂಬುದು ಮಾತ್ರ ನನಗೇ ಗೊತ್ತು.

ಮರುವಾರ ಗುರುವಾರ ಒಂದೂಕಾಲಕ್ಕೆ ನನ್ನ ಅಡುಗೆಮನೆಯ ಬಾಗಿಲು ತಟ್ಟಿದ ಸದ್ದು. ರೀಕಿ. ತಲೆಗೆ ಕಟ್ಟಿದ ಸ್ಕಾರ್ಫ್ ಬಿಚ್ಚದೆಯೇ ನಿಂತಿದ್ದಳು. ಅಲ್ಲಿಯವರೆಗೆ ನಾವಿಬ್ಬರೂ ನೀವು ನೀವು ಎಂದೇ ಮಾತಾಡುತ್ತಿದ್ದೆವು, ಅದೂ ಹವಾಮಾನದ ಬಗ್ಗೆ.

"ಕಾಫಿ ಇದೆಯಾ?" ಎಂದಳು.

ಇತ್ತು. ಕೊಟ್ಟೆ. ಜೊತೆಗೆ ಒಂದು ಬಿಸ್ಕತ್ತು, ಡಬ್ಬಿಯ ಮುಚ್ಚಳ ಹಾಕಿದೆ.

"ಸಿಸ್ಟರ್ ಕಾಗದ ಕಳಿಸಿದ್ದಾರೆ" ಎಂದಳು. "ಹನ್ನೆರಡಕ್ಕೆ ಮನೇಲಿ ದೊಡ್ಡವರು ಇರ್ಬೇಕಂತೆ, ಇಲ್ಲಾಂದ್ರೆ ಮನೆಗೆ ಬಂದು ಮಾತಾಡ್ತಾರಂತೆ. ಹ್ಯಾರಿ ಬಸ್ಸು ಹನ್ನೆರಡಕ್ಕೆ ಸ್ಟೇಷನ್ ಮುಂದೆ ಇರುತ್ತೆ. ನಮ್ಮಮ್ಮ ಖೆಲ್‌ಡ್ರೋಪಲ್ಲಿ, ಕಾಲು ಹೋಗಿದೆ. ನಾಳೆ ಮಧ್ಯಾಹ್ನದೊಳಗೆ ಕೆಲಸಕ್ಕೆ ಹ್ಞೂಂ ಅಥವಾ ಊಹ್ಞೂಂ ಹೇಳ್ಬೇಕು." ಬಟ್ಟಲು ಕೆಳಗಿಟ್ಟಳು. "ಮಧ್ಯಾಹ್ನ ನನ್ನ ಹುಡುಗೀರಿಗೂ ನಿಮ್ಮನೇಲಿ ರೊಟ್ಟಿ ಹಾಕ್ತೀರಾ? ನನ್ನ ಸಂಬಳದಲ್ಲಿ ಕೊಡ್ತೀನಿ."

ನಾನು ಒಲೆಯ ಕಡೆ ತಿರುಗಿ ನಿಂತೆ. ಒಂದೇ ಒಂದು ಮಾತು, ಆಗಲ್ಲ ಕಣ್ರೀ, ನನಗೂ ಮೂರು ಮಕ್ಕಳಿವೆ. ಅಷ್ಟು ಹೇಳಿದರೆ ಸಾಕಿತ್ತು. ಯಾರೂ ನನ್ನನ್ನು ತಪ್ಪು ಎನ್ನುತ್ತಿರಲಿಲ್ಲ.

"ಇಡೀ ಬೀದೀಲಿ ನನ್ನ ಹತ್ರವೇ ಯಾಕೆ ಬಂದ್ರಿ?"

"ಮೆಟ್ಟಿಲ ಮೇಲೆ ಕೂತು ತಿಂತಾರೆ ಅಂತ ಸಿಸ್ಟರ್‌ಗೆ ಯಾರೋ ಹೇಳಿದ್ದಾರೆ. ಆ ಮೆಟ್ಟಿಲು ಕಾಣೋದು ನಮ್ಮ ಮನೆ ಪಕ್ಕದ ಸಂದಿಯಿಂದ. ಆ ಸಂದಿ ಕಾಣೋದು ಈ ಕಿಟಕಿ ಒಂದರಿಂದಲೇ." ಅವಳ ಧ್ವನಿ ಏರಲಿಲ್ಲ. "ದಿನಾ ಹನ್ನೆರಡಕ್ಕೆ ನನ್ನ ಮಕ್ಕಳನ್ನ ನೋಡ್ತಿರೋರು ಊರಲ್ಲಿ ನೀವೊಬ್ರೇ ಅಲ್ವಾ. ನೋಡೋದು ಹೇಗೂ ನೋಡ್ತೀರ, ಹಾಗೇ ಒಂದು ರೊಟ್ಟಿ ಕೊಡಿ ಅಂತ ಕೇಳೋಕೆ ಬಂದೆ."

ಕುರ್ಚಿ ಎಳೆದು ಕೂತೆ. ಆಮೇಲೆ ನಾನು ಹೇಳಿದ್ದು ಕ್ಷಮೆಯ ಮಾತಲ್ಲ. "ಆ ತಪ್ಪನ್ನ ಮೊದಲು ಕಂಡವಳು ನಾನು" ಎಂದೆ. "ನಿಮಗಿಂತ ಎರಡು ವಾರ ಮುಂಚೆ. ಅವನಿಗೆ ಹೇಳ್ದೆ. ಅವನು ಆಲೂಗಡ್ಡೆ ಬೆಂತಾ ಅಂತ ಕೇಳ್ದ."

ರೀಕಿ ನನ್ನನ್ನೇ ನೋಡಿದಳು. ಆಮೇಲೆ ಸ್ಕಾರ್ಫ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. "ನಾನು ಮೂರು ಸಲ ಹೇಳ್ದೆ. ಒಂದ್ಸಲ, ಹೌದಾ ಅಂದ್ರು. ಇನ್ನೊಂದ್ಸಲ, ಕಾರ್ಬನ್ ಬದಲಾಯಿಸಮ್ಮ ಅಂದ್ರು. ಮೂರನೇ ಸಲ ಆ ಉದ್ದ ಮೂಗಿನವನು ಇದೆಲ್ಲ ನಿನಗೆ ತಿಳಿಯಲ್ಲ ಅಂತ ನಕ್ಕ. ಆಮೇಲೇ ಖಾಲಿ ಹಾಳೆ ಇಟ್ಟಿದ್ದು. ಬಾಯಲ್ಲಿ ಹೇಳಿದ್ರೆ ಇವರಿಗೆ ಕೇಳ್ಸಲ್ಲ ಕಣೇ. ಹಾಳೆ ಮೇಲಿದ್ರೆ ಮಾತ್ರ ಓದ್ತಾರೆ."

ಎಲ್ಲಿ ಅವಳು ನೀವು ಬಿಟ್ಟು ಕಣೇಗೆ ಇಳಿದಳೋ ನನಗೆ ಗಮನವೇ ಇರಲಿಲ್ಲ.

"ಅದೂ ಅಲ್ದೆ" ಎಂದಳು, "ಆ ಪಟ್ಟಿ ನನಗೆ ಗೊತ್ತು. ನಾನು ಹನ್ನೊಂದು ವರ್ಷದವಳಿದ್ದಾಗ ನಮ್ಮಮ್ಮ ಏಳನೇ ಹೆರಿಗೇಲಿ ಆರು ವಾರ ಎದ್ದೇಳ್ಲಿಲ್ಲ. ಪಟ್ಟೀಲಿ ನಮ್ಮ ಹೆಸರಿತ್ತು. ದಿನಾ ಕಿಟಕೀಲಿ ನಿಂತು ನೋಡ್ತಿದ್ದೆ, ಯಾರಾದ್ರೂ ಬರ್ತಾರಾ ಅಂತ. ಬರ್ಲಿಲ್ಲ. ನಾನೇ ಒಗೆದೆ, ನಾನೇ ಬೇಯಿಸ್ದೆ. ಆ ವರ್ಷ ಶಾಲೇಲಿ ಫೇಲು."

ನಾನು ಅವಳ ಬಟ್ಟಲಿಗೆ ಮತ್ತೆ ಕಾಫಿ ಸುರಿದೆ.

"ಆ ಕೆಲಸ ನಿನಗೆ ಬೇಕಿತ್ತಾ?" ಎಂದು ಕೇಳಿದಳು.

"ಬೇಕಿತ್ತು."

"ನಾನು ಬಿಡಲ್ಲ."

"ಬಿಡು ಅಂತ ನಾನು ಹೇಳ್ಲಿಲ್ಲವಲ್ಲ."

"ಮನಸ್ಸಲ್ಲಿ ಹೇಳ್ತಿದ್ದೀಯ."

"ಹೌದು" ಎಂದೆ. ಒಂಬತ್ತು ವರ್ಷದಲ್ಲಿ ನಾನು ಆ ಅಡುಗೆಮನೆಯಲ್ಲಿ ಆಡಿದ ಅತ್ಯಂತ ನೇರ ಮಾತು ಅದು. ಎದ್ದು ಹೋಗಿ ಬಿಸ್ಕತ್ತಿನ ಡಬ್ಬಿ ಮತ್ತೆ ತೆರೆದೆ. ನಮ್ಮಲ್ಲಿ ಎರಡನೇ ಬಿಸ್ಕತ್ತು ಕೊಡುವುದು ಸಣ್ಣ ವಿಷಯವಲ್ಲ.

ಬಸ್ತಿಯಾನ್‌ನ ಹಾಳೆಯೊಂದನ್ನು ಎಳೆದುಕೊಂಡು ಅವನ ಶೈಲಿಯಲ್ಲೇ ಬರೆಯತೊಡಗಿದೆ. ಹನ್ನೆರಡೂ ಹತ್ತಕ್ಕೆ ಐವರು ಮಕ್ಕಳು ಮೇಜಿನ ಸುತ್ತ ಇರುತ್ತಾರೆ. ಒಂದೂಕಾಲಕ್ಕೆ ಯಾವ ಮಗುವೂ ಹಸಿದಿರುವುದಿಲ್ಲ. ಯಾವ ಮಗುವಿನ ಮೈಮೇಲೂ ಹೊಸ ಗಾಯವಿರುವುದಿಲ್ಲ. ಸೋಮವಾರ ಆ, ಅಂದರೆ ಆಲೈಡ. ಮಂಗಳವಾರ ಆ. ಗುರುವಾರ ಆ. ಶುಕ್ರವಾರ ಆ.

ರೀಕಿ ಕಾಗದದ ಮೇಲೆ ಬಗ್ಗಿ ಬೆರಳಿಟ್ಟು ಓದಿದಳು. ಅವಳ ಬೆರಳು ಎರಡು ಕಡೆ ನಿಂತಿತು. "ಒಂದೂಕಾಲಕ್ಕೆ ಮಕ್ಕಳೇ ಇಲ್ಲದೆ ಹೋದ್ರೂ ಯಾರೂ ಹಸಿದಿರಲ್ಲ. ಬಂದ ಐವರೇ ಹೊರಗೆ ಹೋಗ್ಬೇಕು ಅಂತ ಹಾಕು. ಬೋರಲು ಎ ಹಾಕು."

ಹಾಕಿದೆ.

"ಬುಧವಾರ ಎಲ್ಲಿ?"

ಬುಧವಾರವನ್ನು ನಾನು ಬೇಕೆಂದೇ ಬಿಟ್ಟಿದ್ದೆ. ಅವಳಿಗೆ ನಾಲ್ಕು ದಿನ ಕೊಟ್ಟೆ ಎನ್ನಿಸಬೇಕು, ಐದನೆಯದು ಅವಳ ಕುತ್ತಿಗೆಗೆ ಬರಬೇಕು, ಕೆಲಸ ತಾನಾಗಿಯೇ ಬಿದ್ದುಹೋಗಬೇಕು. ಅಷ್ಟು ಹೊತ್ತು ಮಾತಾಡಿದ ಮೇಲೂ ಹೊಟ್ಟೆಯೊಳಗಿನ ಹುಳು ಸತ್ತಿರಲಿಲ್ಲ. ಅವಳು ಅದನ್ನೂ ಕಂಡಳು ಎಂದು ನನಗೆ ತಿಳಿಯಿತು. ಆದರೆ ಅದನ್ನು ಆಡಿ ತೋರಿಸಲಿಲ್ಲ. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಖಾಲಿ ಜಾಗದಲ್ಲಿ ಒಂದೇ ಅಕ್ಷರ ಬರೆದಳು: ಬ.

"ಅವನಾ?" ಎಂದೆ. "ಬಸ್ತಿಯಾನ್‌ಗೆ ಮೊಟ್ಟೆ ಬೇಯಿಸೋಕೂ ಬರಲ್ಲ."

"ಇದು ಏನು-ಹಾಳೆ. ಹೇಗೆ ಅನ್ನೋದು ಇಳಿಸೋನ ಕೆಲಸ ಅಂತ ಅವರೇ ಹೇಳ್ತಾರಲ್ಲ." ಆಮೇಲೆ ತನ್ನ ಹಿಂಬಾಗಿಲ ಕೀಲಿ ತೆಗೆದು ಮೇಜಿನ ಮೇಲಿಟ್ಟಳು. "ಬುಧವಾರ ನೀನು ಇಲ್ಲೇ ಇದ್ರೆ ಎರಡನೇ ನಿಮಿಷಕ್ಕೆ ಎದ್ದು ನೀನೇ ಬಡಿಸ್ತೀಯ. ನಮ್ಮನೇಗೆ ಹೋಗಿ ಕೂತ್ಕೋ. ಟೈಪ್ ಆಗದ ಹಾಳೆಗಳನ್ನ ಮೇಜಿನ ಮೇಲೆ ಇಟ್ಟಿರ್ತೀನಿ. ಓದು. ನನಗೆ ಲೆಕ್ಕ ಬರುತ್ತೆ, ನಿನಗೆ ಗಣಿತ ಬರುತ್ತೆ."

"ಸಂಬಳ ನಿನಗೆ ಬರುತ್ತೆ."

"ಹೌದು" ಎಂದಳು. "ಅದು ನನಗೇ ಬರುತ್ತೆ."

ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಹಾಳೆಯನ್ನು ಬಸ್ತಿಯಾನ್‌ನ ತಟ್ಟೆಯ ಪಕ್ಕ ಇಟ್ಟೆ. ಬಾಯಲ್ಲಿ ಏನೂ ಹೇಳಲಿಲ್ಲ. ಅವನು ಪತ್ರಿಕೆಯನ್ನು ಕೆಳಗಿಟ್ಟು ಓದಿದ. ಬಂದ ಐವರೇ ಹೋಗಬೇಕು ಎಂಬ ಸಾಲಿಗೆ ಬಂದಾಗ ತಲೆದೂಗಿ ನಕ್ಕ. "ಬಹಳ ಅಚ್ಚುಕಟ್ಟು. ಯಾರು ಬರೆದದ್ದು?" ಎಂದು ಪೆನ್ನಿನ ಕ್ಯಾಪು ತೆಗೆದು ಕೆಳಗೆ ಸಹಿ ಹಾಕಿದ, ಗುಂಪಿನಲ್ಲಿ ಸರಿಯಾದ ಹಾಳೆಗೆ ಹಾಕುವ ಹಾಗೆ. ಆಮೇಲೆ ಹುಬ್ಬು ಗಂಟಿಕ್ಕಿದ. "ಈ ಬುಧವಾರದ ಸಾಲಲ್ಲಿ ಬ ಅಂದ್ರೆ ಯಾರು?"

"ನೀನೇ."

"ನನಗೆ ಕೆಲಸ ಇದೆ, ಆಲೈಡ."

"ರೀಕಿಗೂ ಇದೆ."

"ಆದ್ರೆ ಹೇಗೆ ಮಾಡೋದು ಅಂತ ಇದರಲ್ಲಿ ಎಲ್ಲೂ ಬರೆದೇ ಇಲ್ಲವಲ್ಲ?"

"ಬರೆಯಕೂಡದು" ಎಂದೆ. "ಮೆಟ್ಟಿಲಿಳಿ."

ಅವನು ತನ್ನ ಸಹಿಯನ್ನೇ ಬಹಳ ಹೊತ್ತು ನೋಡಿದ. ಸಾಧಿಸಿ ತೋರಿಸಿದ್ದಕ್ಕೆ ಎದುರು ಹೇಳುವ ಸ್ವಭಾವ ಅವನದಲ್ಲ. ಅವನಲ್ಲಿ ನನಗೆ ಇಷ್ಟವಾದ ಗುಣ ಅದೊಂದೇ ಎಂದು ಆ ದಿನಗಳಲ್ಲಿ ಅಂದುಕೊಂಡಿದ್ದೆ.

ರೀಕಿ ಅಲ್ಲಿ ಇಪ್ಪತ್ತೆರಡು ವರ್ಷ ದುಡಿದಳು. ಮೊದಲ ನಾಲ್ಕು ವರ್ಷ ನಾನು ಅವಳ ಮಕ್ಕಳಿಗೆ ರೊಟ್ಟಿ ಹಾಕಿದೆ, ಬೆಣ್ಣೆಯ ಮೇಲೆ ಚಾಕಲೇಟ್ ಚೂರು ಉದುರಿಸಿ. ಹೊಸದಾಗಿ ಸೇರಿದ ಹುಡುಗರನ್ನೆಲ್ಲ ಅವಳು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆಯಂತೆ: ಖಾಲಿ ಹಾಳೆ ಕೊಟ್ಟರೆ ನಿಮ್ಮ ಶರತ್ತುಗಳು ಒಪ್ಪುತ್ತವಾ? ಆ ಪ್ರಶ್ನೆಗೆ ಅಲ್ಲಿ ಅವಳ ಹೆಸರೇ ಬಿತ್ತು. ಪೆನ್ಸಿಲ್ಲಿನಲ್ಲಿ ನಾನು ಗುರುತು ಹಾಕಿದ ತಪ್ಪುಗಳನ್ನು ಅವಳು ನನ್ನ ಹೆಸರು ಹೇಳಿಯೇ ಒಪ್ಪಿಸುತ್ತಿದ್ದಳು ಎಂದು ಬಸ್ತಿಯಾನ್ ಹೇಳುತ್ತಿದ್ದ. ಅದು ನಿಜವೆಂದೂ ಗೊತ್ತು. ಆದರೂ ಅವಳು ಸೈಕಲ್ ಏರಿ ಬೀದಿಯ ತಿರುವಿನಲ್ಲಿ ಮರೆಯಾಗುವುದನ್ನು ನೋಡಿದಾಗಲೆಲ್ಲ ನನ್ನ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಸ್ನೇಹ ಬಂದರೆ ಅಸೂಯೆ ಹೋಗುತ್ತದೆ ಎಂದುಕೊಂಡಿದ್ದೆ. ಎರಡೂ ಒಂದೇ ಕುರ್ಚಿಯಲ್ಲಿ ಒತ್ತರಿಸಿಕೊಂಡು ಕೂರುತ್ತವೆ.

ಆ ಮೊದಲ ಬುಧವಾರದ ಬಗ್ಗೆ ಹೇಳಬೇಕು. ಹನ್ನೆರಡಕ್ಕೆ ಐದು ನಿಮಿಷವಿರುವಾಗ ನಾನು ಬೀದಿ ದಾಟಿ ಕೀಲಿ ತಿರುಗಿಸಿ ರೀಕಿಯ ಮನೆಯೊಳಗೆ ಹೋದೆ. ಮೊದಲು ಕಾಲು ಎಳೆದದ್ದು ಮಹಡಿಗೆ. ಕಂಬಳಿ ಕಿಟಕಿಯಲ್ಲಿ ನೇತಾಡುತ್ತಿತ್ತು. ಒಳಕ್ಕೆ ಎಳೆಯಲು ಎರಡೂ ಕೈ ಹಾಕಿದೆ. ಆಮೇಲೆ ಬಿಟ್ಟೆ. ಅದು ಹೊರಗೇ ಇರಲಿ. ಕೆಳಗೆ ಬಂದು ಅವಳ ಅಡುಗೆಮನೆಯ ಮೇಜಿನ ಮುಂದೆ ಕೂತೆ. ಹಾಳೆಗಳ ಕಟ್ಟು, ಚೂಪು ಮಾಡಿದ ಪೆನ್ಸಿಲ್, ತಟ್ಟೆಯಲ್ಲಿ ಎರಡು ಬಿಸ್ಕತ್ತು.

ಅಲ್ಲಿಂದ ನನ್ನ ಮನೆ ಪೂರ್ತಿ ಕಾಣುತ್ತಿತ್ತು. ಬಸ್ತಿಯಾನ್ ನನ್ನ ಕಿಟಕಿಯಲ್ಲಿ ರೊಟ್ಟಿ ಕೊಯ್ಯುತ್ತಿದ್ದ, ಒಂದು ತುಂಡು ಇಟ್ಟಿಗೆಯಷ್ಟು, ಇನ್ನೊಂದು ಕಾಗದದಷ್ಟು. ಹಾಲು ಚೆಲ್ಲಿತು. ಕಿರಿಯವನು ಅತ್ತ. ಬಸ್ತಿಯಾನ್ ತಲೆಯೆತ್ತಿ ಬೀದಿಯಾಚೆ ನೇರ ನನ್ನನ್ನು ನೋಡಿದ. ನಾನು ಕುರ್ಚಿಯ ಅಂಚನ್ನು ಹಿಡಿದುಕೊಂಡು ಕೂತೆ. ಅವನು ಬಗ್ಗಿ ಮಗುವನ್ನು ಎತ್ತಿಕೊಂಡ.

ಆಗ ಬೇಕರಿಯಿಂದ ಬರುತ್ತಿದ್ದ ಮೂವರು ಹೆಂಗಸರು ನನ್ನ ಮನೆಯ ಮುಂದೆ ನಿಂತರು. ಕಿಟಕಿಯೊಳಗೆ ನೋಡಿದರು. ಒಬ್ಬಳು ಕೆನ್ನೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ, ನೋಡ್ರೇ ಇವ್ರನ್ನ, ಐದು ಮಕ್ಕಳಿಗೆ ಒಬ್ರೇ" ಎಂದದ್ದು ತೆರೆದ ಕಿಟಕಿಯಿಂದ ಸ್ಪಷ್ಟವಾಗಿ ಕೇಳಿತು. "ಬಂಗಾರದಂಥ ಗಂಡ. ಪುಣ್ಯ ಮಾಡಿದ್ದಾಳೆ ಆಲೈಡ." ಇನ್ನೊಬ್ಬಳು ಅವನಿಗೆ ಕೈಬೀಸಿದಳು. ಒಂಬತ್ತು ವರ್ಷ ಅದೇ ಕಿಟಕಿಯಲ್ಲಿ ನಾನು ನಿಂತಿದ್ದೆ. ಒಬ್ಬರೂ ನಿಂತು ನೋಡಿರಲಿಲ್ಲ. ಅವತ್ತು ನನ್ನ ಹೊಟ್ಟೆ ಉರಿದಷ್ಟು ರೀಕಿಯ ಮೇಲೂ ಎಂದೂ ಉರಿದಿರಲಿಲ್ಲ.

ಒಂದೂಕಾಲಕ್ಕೆ ಬಾಗಿಲು ತೆರೆಯಿತು. ಮಕ್ಕಳು ಹೊರಗೆ ಬಂದವು. ಎಣಿಸಿದೆ. ಐದು. ಅವೇ ಐದು. ಯಾರೂ ಹಸಿದ ಹಾಗಿರಲಿಲ್ಲ, ಯಾರಿಗೂ ರಕ್ತ ಬಂದಿರಲಿಲ್ಲ. ಬಸ್ತಿಯಾನ್ ಹೊಸ್ತಿಲ ಮೇಲೆ ನಿಂತು, ಹಾಳೆಯಲ್ಲಿ ಹೇಳಿದ್ದನ್ನೆಲ್ಲ ಮುಗಿಸಿದವನ ನೆಮ್ಮದಿಯಲ್ಲಿ, ಕೋಟು ಹಾಕಿಕೊಂಡು ಸೈಕಲ್ ಹತ್ತಿದ. ಅವನ ಹಿಂದೆ, ಕಿಟಕಿಯಲ್ಲಿ, ನನ್ನ ಮೇಜು ಕಾಣುತ್ತಿತ್ತು. ಹಾಲಿನ ಕೆರೆ, ರೊಟ್ಟಿಯ ಚೂರು, ಬೆಣ್ಣೆ ಮೆತ್ತಿದ ಐದು ತಟ್ಟೆ.

ಮೇಜು ಒರೆಸಬೇಕು ಎಂದು ರೀಕಿಯೂ ನಾನೂ ಬರೆದಿರಲಿಲ್ಲ. ಅದನ್ನು ಬರೆಯಬೇಕಾಗುತ್ತದೆ ಎಂಬುದೇ ನಮಗಿಬ್ಬರಿಗೂ ಹೊಳೆದಿರಲಿಲ್ಲ.

ನಾನು ಏಳಲಿಲ್ಲ. ಕಟ್ಟಿನ ಮೊದಲ ಹಾಳೆಯನ್ನು ಎಳೆದುಕೊಂಡು ಬೋರಲು ಎ ಎಷ್ಟು ಸಲ ಬಂದಿದೆ ಎಂದು ಎಣಿಸತೊಡಗಿದೆ.